ಸೋಫಾವನ್ನು ಗೋಡೆಗೆ ಅಂಟಿಸಿದರೆ ಹಾಲ್ ದೊಡ್ಡದಾಗಿ ಕಾಣುತ್ತದೆಯೇ? ಮಳೆ ಸುರಿಯುವ ಊರಿನವರು ಈ ಟಿಪ್ಸ್ ಪಾಲಿಸುವ ಮುನ್ನ ಓದಿ

ಚಿಕ್ಕ ಹಾಲ್ ಅನ್ನು ದೊಡ್ಡದಾಗಿ ತೋರಿಸುವ ಟಿಪ್ಸ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಸೋಫಾ, ಬೀರು ಎಲ್ಲವನ್ನೂ ಗೋಡೆಗೆ ಅಂಟಿಸಿಡಿ, ಬಿಳಿ ಬಣ್ಣ ಬಳಿಯಿರಿ, ದೊಡ್ಡ ಕನ್ನಡಿ ಹಾಕಿ, ಸಾಮಾನನ್ನು ಎತ್ತರಕ್ಕೆ ಜೋಡಿಸಿ. ಈ ನಾಲ್ಕು ಸಲಹೆಗಳು ಹೆಚ್ಚು ಕಡಿಮೆ ಎಲ್ಲದರಲ್ಲೂ ಇರುತ್ತವೆ. ಇವುಗಳಲ್ಲಿ ಎಷ್ಟು ನಿಜ?

ಚುಟುಕಾಗಿ ಹೇಳುವುದಾದರೆ, ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಇವು ಒಣ ಹವೆಯ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿವೆ. ಕೊಡಗಿನಂಥ ಮಳೆ ಜಿಲ್ಲೆಯಲ್ಲಿ ಮೊದಲ ಸಲಹೆಯನ್ನು ಹಾಗೆಯೇ ಪಾಲಿಸಿದರೆ ಗೋಡೆಯೂ ಹಾಳು, ಪೀಠೋಪಕರಣವೂ ಹಾಳು, ಕೆಲವೊಮ್ಮೆ ಮನೆಯವರ ಆರೋಗ್ಯವೂ ಹಾಳು. ಒಂದೊಂದಾಗಿ ನೋಡೋಣ.

ಮಾದಾಪುರದ ಉದಾಹರಣೆ ಏಕೆ?

ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ ಮಾದಾಪುರ ಸಿಗುತ್ತದೆ. 2018ರ ಆಗಸ್ಟ್‌ನಲ್ಲಿ ಈ ಭಾಗದ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಸುತ್ತಮುತ್ತ ಗುಡ್ಡಗಳು ಕುಸಿದು ನೂರಾರು ಕುಟುಂಬಗಳು ಮನೆ ಕಳೆದುಕೊಂಡವು. ಅಂಥವರಿಗಾಗಿ ಮಾದಾಪುರ ಬಳಿಯ ಜಂಬೂರಿನಲ್ಲಿ ಪುನರ್ವಸತಿ ಬಡಾವಣೆ ಎದ್ದಿತು. ಎರಡು ಮಲಗುವ ಕೋಣೆ, ಒಂದು ಹಾಲ್, ಅಡುಗೆಮನೆ ಇರುವ ಮನೆಗಳನ್ನು 2020ರ ಜೂನ್‌ನಲ್ಲಿ ಹಸ್ತಾಂತರಿಸುವುದು ಶುರುವಾಯಿತು.

ತೋಟದ ನಡುವೆ ವಿಶಾಲ ಅಂಗಳ, ಜಗಲಿ ಇದ್ದ ಮನೆಯಿಂದ ಬಡಾವಣೆ ಮನೆಗೆ ಬಂದವರಿಗೆ ಹಾಲ್ ಚಿಕ್ಕದೆನಿಸುವುದು ಸಹಜ. ಪಾತ್ರೆಪಗಡೆಯಿಂದ ಹಿಡಿದು ಮಂಚದವರೆಗೆ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾದವರಿಗೆ ತಪ್ಪು ಸೋಫಾ ಎಂದರೆ ಸಣ್ಣ ನಷ್ಟವಲ್ಲ. ಬೆಂಗಳೂರಿನ ಬಾಡಿಗೆ ಮನೆ, ಮೈಸೂರಿನ ಸಣ್ಣ ಫ್ಲಾಟ್‌ನಲ್ಲಿ ಇರುವವರಿಗೂ ಕೆಳಗಿನ ಹೆಚ್ಚಿನ ಮಾತುಗಳು ಅನ್ವಯಿಸುತ್ತವೆ.

ಸಲಹೆ 1: ಎಲ್ಲವನ್ನೂ ಗೋಡೆಗೆ ಅಂಟಿಸಿಡಿ

ತೀರ್ಮಾನ: ಅರ್ಧ ನಿಜ. ಮಳೆ ಊರಿನಲ್ಲಿ ಅಪಾಯಕಾರಿ.

ನಡುವೆ ಜಾಗ ಖಾಲಿ ಇದ್ದರೆ ಕೋಣೆ ವಿಶಾಲ ಎನಿಸುವುದು ನಿಜ. ಆದರೆ ಅದಕ್ಕಾಗಿ ಸೋಫಾದ ಬೆನ್ನು ಗೋಡೆಗೆ ತಾಗಲೇಬೇಕೆಂದಿಲ್ಲ. ನಾಲ್ಕು ಬೆರಳಿನಷ್ಟು, ಅಂದರೆ ಏಳೆಂಟು ಸೆಂಟಿಮೀಟರ್ ಮುಂದಕ್ಕೆ ಎಳೆದರೆ ಬಾಗಿಲಲ್ಲಿ ನಿಂತು ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಗೋಡೆಗೆ ಮಾತ್ರ ಗೊತ್ತಾಗುತ್ತದೆ.

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಆ ತಿಂಗಳುಗಳಲ್ಲಿ ಹೊರಗೋಡೆ ನೆನೆದು ತಣ್ಣಗಿರುತ್ತದೆ. ಒಳಗೆ ಅಡುಗೆಯ ಹಬೆ, ನಮ್ಮ ಉಸಿರು, ಹಗ್ಗಕ್ಕೆ ನೇತುಹಾಕಿದ ಒದ್ದೆ ಬಟ್ಟೆ ಎಲ್ಲವೂ ಗಾಳಿಗೆ ತೇವ ಸೇರಿಸುತ್ತವೆ. ಆ ತೇವದ ಗಾಳಿ ತಣ್ಣನೆಯ ಗೋಡೆಯ ಬಳಿ ಬಂದು ಅಲ್ಲೇ ನಿಂತರೆ ಗೋಡೆ ಹಸಿಯಾಗುತ್ತದೆ. ಗೋಡೆಯ ಮೇಲ್ಮೈ ಬಳಿ ಆರ್ದ್ರತೆ ಶೇ. 80ರ ಸುಮಾರಿಗೆ ದಿನಗಟ್ಟಲೆ ಉಳಿದರೆ ಬೂಷ್ಟು ಬೆಳೆಯಲು ಅಷ್ಟು ಸಾಕು. ಸೋಫಾದ ಹಿಂಬದಿ, ಬೀರುವಿನ ಹಿಂಬದಿ ಗಾಳಿಯಾಡದ ಜಾಗ. ಬೂಷ್ಟು ಮೊದಲು ಶುರುವಾಗುವುದೇ ಅಲ್ಲಿ. ನಮ್ಮ ಕಣ್ಣಿಗೆ ಕೊನೆಗೆ ಬೀಳುವುದೂ ಅಲ್ಲೇ.

ಇದು ಬರೀ ಅಂದಚೆಂದದ ವಿಷಯವಲ್ಲ. ಮನೆಯೊಳಗಿನ ತೇವ ಮತ್ತು ಬೂಷ್ಟಿಗೂ ಉಸಿರಾಟದ ತೊಂದರೆ, ಅಲರ್ಜಿ, ಅಸ್ತಮಾಗೂ ಸಂಬಂಧವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮಳೆಗಾಲ ಬಂದ ಕೂಡಲೇ ಮಗುವಿಗೆ ಕೆಮ್ಮು ಶುರುವಾಗುತ್ತಿದ್ದರೆ ವೈದ್ಯರಿಗೆ ತೋರಿಸಿ. ಜೊತೆಗೆ ಒಮ್ಮೆ ಬೀರುವಿನ ಹಿಂದೆ ಟಾರ್ಚ್ ಹಾಕಿಯೂ ನೋಡಿ.

ಏನು ಮಾಡಬಹುದು? ಸಾಧ್ಯವಾದರೆ ದೊಡ್ಡ ಬೀರು, ಸೋಫಾಗಳನ್ನು ಮಳೆ ಹೊಡೆಯುವ ಹೊರಗೋಡೆಗೆ ಬದಲು ಎರಡು ಕೋಣೆಗಳ ನಡುವಿನ ಒಳಗೋಡೆಯ ಕಡೆ ಇಡಿ. ಯಾವ ಗೋಡೆಯಾದರೂ ನಾಲ್ಕು ಬೆರಳು ಅಂತರವಿರಲಿ. ಬಟ್ಟೆ ಒಣಗಿಸುವುದು ಹಾಲ್‌ನಲ್ಲೇ ಅನಿವಾರ್ಯವಾದರೆ ಫ್ಯಾನ್ ಹಾಕಿ, ಒಂದು ಕಿಟಕಿ ತುಸು ತೆರೆದಿಡಿ. ಹೊರಗಿನ ಗಾಳಿಯೂ ತೇವವೇ ಇರುವುದರಿಂದ ಮನೆ ಪೂರ್ತಿ ಒಣಗುವುದಿಲ್ಲ. ಆದರೆ ಒಳಗೆ ಹುಟ್ಟಿದ ತೇವ ಹೊರಹೋಗಲು ದಾರಿ ಸಿಗುತ್ತದೆ.

ಸಲಹೆ 2: ಬಿಳಿ ಬಣ್ಣ ಬಳಿದರೆ ಕೋಣೆ ದೊಡ್ಡದಾಗುತ್ತದೆ

ತೀರ್ಮಾನ: ಎತ್ತರದ ಮಟ್ಟಿಗೆ ನಿಜ.

ಜರ್ಮನಿಯ ಮೈಂಜ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರ್‌ನಲ್ಲಿ ರಚಿಸಿದ ಮೂರು ಆಯಾಮದ ಕೋಣೆಗಳನ್ನು ತೋರಿಸಿ, ಎತ್ತರ ಎಷ್ಟಿರಬಹುದೆಂದು ಜನರನ್ನು ಕೇಳಿದರು. ಸೀಲಿಂಗ್ ತಿಳಿ ಬಣ್ಣದ್ದಾದಾಗ ಕೋಣೆ ಹೆಚ್ಚು ಎತ್ತರವಾಗಿ ಕಂಡಿತು. ಗೋಡೆ ತಿಳಿಯಾದಾಗಲೂ ಹಾಗೆಯೇ. ನೆಲದ ಬಣ್ಣ ತಿಳಿಯಾಗಿದ್ದರೂ ಗಾಢವಾಗಿದ್ದರೂ ಎತ್ತರದ ಅಂದಾಜಿನಲ್ಲಿ ಬದಲಾವಣೆ ಕಾಣಲಿಲ್ಲ.

ಹಾಗಾಗಿ ಹಾಲ್ ದೊಡ್ಡದಾಗಿ ಕಾಣಲೆಂದು ನೆಲದ ಟೈಲ್ಸ್ ಕಿತ್ತು ಬಿಳಿ ಟೈಲ್ಸ್ ಹಾಕಿಸುವ ಖರ್ಚು ಬೇಡ. ಬಕೆಟ್ ಬಣ್ಣಕ್ಕೆ ಮಾತ್ರ ದುಡ್ಡಿದೆ ಎಂದಾದರೆ ಮೊದಲು ಸೀಲಿಂಗ್‌ಗೆ, ಆಮೇಲೆ ಗೋಡೆಗೆ ಬಳಿಯಿರಿ. ತಿಳಿ ಕೆನೆ, ತಿಳಿ ಹಳದಿಯೂ ನಡೆಯುತ್ತದೆ, ಬಿಳಿಯೇ ಆಗಬೇಕೆಂದಿಲ್ಲ. ಆದರೆ ಸೋರುವ ಗೋಡೆಗೆ ಬಣ್ಣ ಔಷಧಿಯಲ್ಲ. ಸೋರಿಕೆ ನಿಲ್ಲಿಸದೆ ಬಳಿದ ಬಣ್ಣ ಮುಂದಿನ ಮಳೆಗಾಲಕ್ಕೆ ಹೊಪ್ಪಳಿಕೆ ಏಳುತ್ತದೆ.

ಸಲಹೆ 3: ದೊಡ್ಡ ಕನ್ನಡಿ ಹಾಕಿ

ತೀರ್ಮಾನ: ನಿಜ, ಆದರೆ ಎಲ್ಲಿ ಹಾಕುತ್ತೀರಿ ಎಂಬುದು ಮುಖ್ಯ.

ಕನ್ನಡಿಯಿಂದ ನೀವು ಆರು ಅಡಿ ದೂರ ನಿಂತರೆ ನಿಮ್ಮ ಬಿಂಬ ಕನ್ನಡಿಯ ಹಿಂದೆ ಆರು ಅಡಿ ಆಚೆ ನಿಂತಂತೆ ಕಾಣುತ್ತದೆ. ಶಾಲೆಯಲ್ಲಿ ಓದಿದ ಈ ಪಾಠವೇ ಕೋಣೆ ಮುಂದುವರಿದಂತೆ ತೋರಲು ಕಾರಣ. ಕಿಟಕಿಯ ಎದುರು ಗೋಡೆಗೆ ಹಾಕಿದರೆ ಹೊರಗಿನ ಬೆಳಕೂ ಮರಗಿಡವೂ ಒಳಗೆ ಬರುತ್ತವೆ. ಬಟ್ಟೆಯ ಹಗ್ಗದ ಎದುರು ಹಾಕಿದರೆ ಒಂದು ಹಗ್ಗ ಎರಡಾಗುತ್ತದೆ. ಕನ್ನಡಿ ಜಾಗವನ್ನು ಇಮ್ಮಡಿಸುವಂತೆ ಗೊಂದಲವನ್ನೂ ಇಮ್ಮಡಿಸುತ್ತದೆ.

ತೇವದ ಗೋಡೆಗೆ ನೇರ ಅಂಟಿಸಿದ ಕನ್ನಡಿಯ ಅಂಚು ಬೇಗ ಕಪ್ಪಾಗುತ್ತದೆ. ಹಿಂದೆ ಸಣ್ಣ ರಬ್ಬರ್ ತುಂಡು ಇಟ್ಟು ತೂಗುಹಾಕಿ. ಯಾವ ದಿಕ್ಕಿನಲ್ಲಿ ಕನ್ನಡಿ ಇರಬೇಕು ಎಂಬ ವಾಸ್ತು ಸಂದೇಶಗಳು ನಂಬಿಕೆಗೆ ಬಿಟ್ಟದ್ದು. ಕೋಣೆ ದೊಡ್ಡದಾಗಿ ಕಾಣುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಲಹೆ 4: ಸಾಮಾನನ್ನು ಎತ್ತರಕ್ಕೆ ಜೋಡಿಸಿ

ತೀರ್ಮಾನ: ನಿಜ. ಆದರೆ ಗೋಡೆಗೆ ಬಿಗಿಯದೆ ಬೇಡ.

ಎತ್ತರದ, ಕಿರಿದಾದ ಕಪಾಟು ನೆಲದ ಜಾಗ ಉಳಿಸುತ್ತದೆ. ಹಾಗೆಯೇ ಸುಲಭವಾಗಿ ಮಗುಚುತ್ತದೆ. ಮಗು ಕೆಳಗಿನ ಡ್ರಾಯರ್ ಎಳೆದು ಅದರ ಮೇಲೆ ಹತ್ತಿದರೆ ಇಡೀ ಕಪಾಟು ಅದರ ಮೇಲೆಯೇ ಬೀಳಬಹುದು. ಹೀಗೆ ಮಕ್ಕಳು ಸತ್ತ ಕಾರಣಕ್ಕೆ ಐಕಿಯಾ ಕಂಪನಿ 2016ರಲ್ಲಿ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಅಲ್ಲಿ ಈಗ ಇದಕ್ಕೆಂದೇ ಕಾನೂನಿದೆ.

ಪರಿಹಾರ ಅಗ್ಗದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದೆರಡು ಕಬ್ಬಿಣದ ಮೂಲೆಪಟ್ಟಿ, ಸ್ಕ್ರೂ ಸಾಕು. ಗೋಡೆಯಿಂದ ನಾಲ್ಕು ಬೆರಳು ಅಂತರ ಇಟ್ಟಿದ್ದರೆ ಅಷ್ಟು ಉದ್ದದ ಪಟ್ಟಿ ಕೇಳಿ ತನ್ನಿ. ಭಾರದ ಸಾಮಾನು ಕೆಳಗಿನ ಅರೆಯಲ್ಲಿರಲಿ. ಟಿವಿಯನ್ನು ಬೀರುವಿನ ಮೇಲೆ ಇಡಬೇಡಿ.

ಹಾಗಾದರೆ ನಿಜವಾಗಿ ಕೆಲಸ ಮಾಡುವುದು ಯಾವುದು?

ನೆಲ. ಎಷ್ಟು ನೆಲ ಕಾಣುತ್ತದೆ, ಎಷ್ಟು ನೆಲದ ಮೇಲೆ ಅಡ್ಡಿಯಿಲ್ಲದೆ ನಡೆಯಬಹುದು ಎಂಬುದು ಮೇಲಿನ ನಾಲ್ಕಕ್ಕಿಂತ ಮುಖ್ಯ. ಒಂದು ಲೆಕ್ಕ ನೋಡೋಣ. 10 ಅಡಿ ಅಗಲ, 12 ಅಡಿ ಉದ್ದದ ಹಾಲ್ ಎಂದರೆ 120 ಚದರ ಅಡಿ.

ಮೊದಲ ಜೋಡಣೆ: 7 ಅಡಿ ಉದ್ದ, 3 ಅಡಿ ಅಗಲದ ಮೂರು ಸೀಟಿನ ಸೋಫಾ (21 ಚದರ ಅಡಿ), ಒಂಟಿ ಸೋಫಾ ಎರಡು (18), ಟೀಪಾಯಿ (8), ಶೋಕೇಸ್ (7.5). ಒಟ್ಟು 54.5 ಚದರ ಅಡಿ. ನೆಲದ ಶೇ. 45 ಹೋಯಿತು.

ಎರಡನೇ ಜೋಡಣೆ: ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲದ ತೆಳು ಕೈಯ ಸೋಫಾ (16.25), ಕೈಯಿಲ್ಲದ ಎರಡು ಕುರ್ಚಿ (4.5), ಸಣ್ಣ ಸ್ಟೂಲ್ (2.25), ಶೋಕೇಸ್ ಬದಲು ಗೋಡೆಯ ಹಲಗೆ. ಒಟ್ಟು 23 ಚದರ ಅಡಿ. ಹೋದದ್ದು ಶೇ. 19 ಮಾತ್ರ.

ಎರಡರಲ್ಲೂ ಕೂರುವವರು ಐದೇ ಜನ. ಆದರೆ 31 ಚದರ ಅಡಿಗೂ ಹೆಚ್ಚು ನೆಲ ಉಳಿಯಿತು. ಇದಕ್ಕೆ ಕನ್ನಡಿಯೂ ಬೇಡ, ಬಣ್ಣವೂ ಬೇಡ.

ಕೊಡಗಿನ ಹಳೆಯ ಮನೆಗಳಲ್ಲಿ ಈ ಲೆಕ್ಕ ಮೊದಲೇ ಇತ್ತು. ಐನ್‌ಮನೆಯ ಕೈಯಾಲೆಯಲ್ಲಿ ಕಂಬಗಳ ನಡುವೆ ಅಗಲವಾದ ಮರದ ಹಲಗೆ ಇರುತ್ತದೆ. ಅದೇ ಐಮರ. ಹಿರಿಯರು ಕೂರುವುದು ಅಲ್ಲೇ. ಕೂರುವ ಜಾಗ ಅಂಚಿನಲ್ಲಿ, ನಡುವೆ ಖಾಲಿ ನೆಲ. ಇಂದಿನ ಹಾಲ್‌ಗೆ ಕಂಬ ತರಲಾಗದು. ಆದರೆ ಕಿಟಕಿಯ ಕೆಳಗೆ, ಕಿಟಕಿಗಿಂತ ತಗ್ಗಾದ ಒಂದು ಮರದ ಬೆಂಚು ಹಾಕಬಹುದು. ಬೆಳಕಿಗೆ ಅಡ್ಡವಾಗದು, ನಾಲ್ಕು ಜನ ಬಂದರೂ ಜಾಗವಿರುತ್ತದೆ.

ಕೊಳ್ಳುವ ಮೊದಲು ಇಷ್ಟು ನೋಡಿ

- ಸೋಫಾದ ಅಳತೆ ಬರೆದುಕೊಂಡು ಬಂದು, ಹಳೆಯ ದಿನಪತ್ರಿಕೆಗಳನ್ನು ಅಷ್ಟೇ ಅಳತೆಗೆ ಹಾಲ್‌ನಲ್ಲಿ ಹರಡಿ. ಒಂದು ದಿನ ಅದನ್ನು ಬಳಸಿಕೊಂಡು ಓಡಾಡಿ. ಅಂಗಡಿಯ ದೊಡ್ಡ ಜಾಗದಲ್ಲಿ ಎಲ್ಲ ಸೋಫಾವೂ ಚಿಕ್ಕದಾಗಿಯೇ ಕಾಣುತ್ತದೆ.
- ಬಾಗಿಲಿನಿಂದ ಅಡುಗೆಮನೆಗೆ ಹೋಗುವ ದಾರಿ ಎರಡೂವರೆಯಿಂದ ಮೂರು ಅಡಿ ಇರಲಿ. ಸೋಫಾಕ್ಕೂ ಟೀಪಾಯಿಗೂ ಒಂದೂವರೆ ಅಡಿ ಸಾಕು.
- ಕಾಲುಗಳಿರುವ ಸೋಫಾ, ಕಾಲುಗಳಿರುವ ಕಪಾಟು ಆರಿಸಿ. ಕೆಳಗಿನ ನೆಲ ಕಾಣುವುದರಿಂದ ಕೋಣೆ ಹಗುರ ಎನಿಸುತ್ತದೆ. ಗಾಳಿಯೂ ಆಡುತ್ತದೆ, ಪೊರಕೆಯೂ ಹೋಗುತ್ತದೆ.
- ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ತೇವಕ್ಕೆ ಅಂಚಿನಲ್ಲಿ ಊದಿಕೊಳ್ಳುತ್ತದೆ. "ವಾಟರ್‌ಪ್ರೂಫ್" ಎಂಬ ಬಾಯಿಮಾತು ನಂಬಬೇಡಿ. ಪ್ಲೈವುಡ್ ಆದರೆ ಐಎಸ್‌ಐ ಗುರುತು ಮತ್ತು ಸಂಖ್ಯೆ ನೋಡಿ. ಐಎಸ್ 710 ಎಂದರೆ ಮರೈನ್ ದರ್ಜೆ. ಐಎಸ್ 303 ಸಾಮಾನ್ಯ ಬಳಕೆಗೆ.
- ಹಿರಿಯರಿರುವ ಮನೆಯಲ್ಲಿ ಜಾರುವ ಸಣ್ಣ ಕಾರ್ಪೆಟ್, ಚೂಪು ಮೂಲೆಯ ಗಾಜಿನ ಟೀಪಾಯಿ ಬೇಡ.

ಕೊನೆಯ ಮಾತು

ಹಾಲ್ "ಎರಡು ಪಟ್ಟು" ದೊಡ್ಡದಾಗಿ ಕಾಣುವಂತೆ ಮಾಡುವ ಟ್ರಿಕ್ ಯಾವುದೂ ಇಲ್ಲ. ಕಡಿಮೆ ಮತ್ತು ಚಿಕ್ಕ ಪೀಠೋಪಕರಣ, ತೆರೆದ ದಾರಿ, ಮುಚ್ಚದ ಕಿಟಕಿ, ತಿಳಿ ಸೀಲಿಂಗ್ ಇವಿಷ್ಟು ನಿಜಕ್ಕೂ ನೆರವಾಗುತ್ತವೆ. ಮಳೆ ಊರಿನವರು ಇದಕ್ಕೆ ಗೋಡೆಯಿಂದ ನಾಲ್ಕು ಬೆರಳು ಅಂತರ ಎಂಬ ಐದನೆಯದನ್ನು ಸೇರಿಸಿಕೊಳ್ಳಿ. "ಎಲ್ಲವನ್ನೂ ಗೋಡೆಗೆ ಅಂಟಿಸಿ" ಎಂಬ ಟಿಪ್ಸ್ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಈ ಒಂದು ಸಾಲನ್ನು ಜೊತೆಗೆ ಸೇರಿಸಿ. ಈ ಭಾನುವಾರ ನಿಮ್ಮ ಮನೆಯ ಸೋಫಾವನ್ನೂ ಒಮ್ಮೆ ಮುಂದಕ್ಕೆ ಎಳೆದು, ಹಿಂದೆ ಏನಿದೆ ಎಂದು ನೋಡಿ.