ಆರನೆಯ ವರ್ಷದ ಪ್ರಶ್ನೆ: ಮಂಡ್ಯ ಸೀಮೆಯ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಬಂದ ಬಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಸರ್ಕಾರಿ ಶಾಲಾ ಕಾಲೇಜುಗಳಿಗೆ ಕಂಪ್ಯೂಟರ್ ಬಂದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯೋಜನೆಗಳ ಹೆಸರನ್ನೂ ಹಂಚಿದ ಯಂತ್ರಗಳ ಲೆಕ್ಕವನ್ನೂ ಕೊಡುತ್ತಾರೆ. ಯಂತ್ರ ಬಂದ ಮೇಲೆ ಅದರ ಹೊಣೆ ಯಾರದು, ಎಷ್ಟು ಕಾಲ ಎಂಬುದು ಆ ಲೆಕ್ಕದಲ್ಲಿ ಬಿಟ್ಟುಹೋಗುತ್ತದೆ. ನನ್ನ ಓದಿನಲ್ಲಿ ಈ ಚರಿತ್ರೆಯ ತಿರುಳು ಇರುವುದು ಅಲ್ಲೇ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ಪ್ರೊ. ಎಂ.ಎ. ಲಕ್ಷ್ಮೀತಾತಾಚಾರ್ ಅವರು ಶಾಸ್ತ್ರಗ್ರಂಥಗಳ ಅಧ್ಯಯನಕ್ಕೆ ಕಂಪ್ಯೂಟರನ್ನು ಜೊತೆಮಾಡಿದರು. ವಿದ್ವಾಂಸರ ಮೇಜಿಗೆ ಬಂದ ಯಂತ್ರ ಹಳ್ಳಿಯ ಹೈಸ್ಕೂಲನ್ನು ಮುಟ್ಟಲು ಇನ್ನೂ ಕಾಲ ಬೇಕಾಯಿತು. ಕೇಂದ್ರ ಸರ್ಕಾರ 1984-85ರಲ್ಲಿ ಆರಂಭಿಸಿದ 'ಕ್ಲಾಸ್' ಯೋಜನೆ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ದೇಶದ ಆಯ್ದ ಕೆಲವೇ ಶಾಲೆಗಳಿಗೆ ಕೊಟ್ಟಿತ್ತು. ರಾಜ್ಯದ ಮಟ್ಟಿಗೆ ದೊಡ್ಡ ಹೆಜ್ಜೆಯೆಂದರೆ ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಬಂದ 'ಮಾಹಿತಿ ಸಿಂಧು'. ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕೆಲಸವನ್ನು ಅದು ಖಾಸಗಿ ತರಬೇತಿ ಕಂಪನಿಗಳಿಗೆ ವಹಿಸಿತು.

2004ರ ಡಿಸೆಂಬರಿನಲ್ಲಿ ಕೇಂದ್ರದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆ ಶಾಲೆಗಳಲ್ಲಿ ಜಾರಿಯಾದ ಮೇಲೆ ಇದೇ ಬಗೆಯ ಗುತ್ತಿಗೆ ಎಲ್ಲೆಡೆ ರೂಢಿಗೆ ಬಂತು. ಕಂಪನಿಯೇ ಲ್ಯಾಬ್ ಕಟ್ಟಬೇಕು, ಬೋಧಕರನ್ನು ನೇಮಿಸಬೇಕು, ಸಾಮಾನ್ಯವಾಗಿ ಐದು ವರ್ಷ ನಡೆಸಿ ಶಾಲೆಗೆ ಒಪ್ಪಿಸಬೇಕು. ಕಾಗದದ ಮೇಲೆ ಅಚ್ಚುಕಟ್ಟಾದ ಏರ್ಪಾಡು. ಆದರೆ ಆರನೆಯ ವರ್ಷ ಏನಾಗುತ್ತದೆಂದು ನೋಡಿ. ಬೋಧಕರ ಸಂಬಳ ಗುತ್ತಿಗೆಯ ಜೊತೆಗೇ ಮುಗಿಯುತ್ತದೆ. ಯುಪಿಎಸ್ ಬ್ಯಾಟರಿಯ ಆಯುಸ್ಸು ಅದಕ್ಕೂ ಮೊದಲೇ ತೀರಿರುತ್ತದೆ. ಕರೆಂಟ್ ಹೋದ ಕೂಡಲೇ ಪಾಠ ನಿಲ್ಲುತ್ತದೆ. ಗಣಿತದ ಮೇಷ್ಟ್ರ ಕೈಗೆ ಬೀಗದ ಕೈ ಬರುತ್ತದೆ, ರಿಪೇರಿಗೆ ದುಡ್ಡು ಮಾತ್ರ ಬರುವುದಿಲ್ಲ. ಯಂತ್ರ ಕೆಟ್ಟರೆ ಶಾಲೆಯ ಸ್ವತ್ತು ಕೆಟ್ಟಿತೆಂಬ ಅಂಜಿಕೆಯಲ್ಲಿ ಮಕ್ಕಳನ್ನು ಲ್ಯಾಬಿನಿಂದ ದೂರ ಇಡುವುದೇ ಕ್ಷೇಮವೆನಿಸುತ್ತದೆ. ತಪ್ಪು ಆ ಮೇಷ್ಟ್ರದಲ್ಲ.

ಯಂತ್ರದ ಬೆಲೆ ಇಳಿಸಿದರೆ ಎಲ್ಲವೂ ಸರಿಹೋದೀತೆಂಬ ನಂಬಿಕೆಯೂ ಬೆಂಗಳೂರಿನಲ್ಲಿ ಪರೀಕ್ಷೆಗೆ ಒಳಗಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಕೂಡಿ 2001ರಲ್ಲಿ ತೋರಿಸಿದ 'ಸಿಂಪ್ಯೂಟರ್' ಎಂಬ ಕೈಗಣಕದ ಗುರಿಬೆಲೆ ಸುಮಾರು 9 ಸಾವಿರ ರೂಪಾಯಿ. ಯಂತ್ರ ಊರಿಗೆಲ್ಲ ಒಂದೇ, ಸ್ಮಾರ್ಟ್‌ಕಾರ್ಡ್ ಒಬ್ಬೊಬ್ಬರಿಗೆ ಒಂದೊಂದು: ಹಂಚಿಕೊಂಡು ಬಳಸುವ ಈ ಆಲೋಚನೆ ಇಂದಿಗೂ ನನಗೆ ಅಮೂಲ್ಯವೆನಿಸುತ್ತದೆ. ಮಾರಾಟ ಕೆಲವು ಸಾವಿರ ದಾಟಲಿಲ್ಲ. 2011ರಲ್ಲಿ ಬಂದ 'ಆಕಾಶ್' ಟ್ಯಾಬ್ಲೆಟ್ ಇನ್ನೂ ಅಗ್ಗ, ಅದೂ ಬಾಳಲಿಲ್ಲ.

ಭಾಷೆಯ ತೊಡಕನ್ನು ಮಾತ್ರ ಕನ್ನಡಿಗರು ನಿಜಕ್ಕೂ ಬಿಡಿಸಿದರು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಶಾಲೆ, ಕಚೇರಿಗಳಿಗೆ ತಲುಪಿಸಿತು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್. ಹೀಗೆ ನಾಲ್ಕೇ ಕೀಲಿಗಳಲ್ಲಿ 'ಅಕ್ಕ' ಮೂಡುತ್ತದೆ. ಇಂಗ್ಲಿಷ್ ಬಾರದ ಮಗುವಿಗೂ ಒಂದೆರಡು ತರಗತಿಯಲ್ಲಿ ಹತ್ತುವ ಪಾಠ ಇದು.

ಕೋವಿಡ್ ಕಾಲದಲ್ಲಿ ಹಳೆಯ ಕೊರತೆ ಮರೆಮಾಚಲಾಗದಷ್ಟು ಎದ್ದು ಕಂಡಿತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ. 2020ರಲ್ಲಿ ಮೇಷ್ಟ್ರುಗಳು 'ವಿದ್ಯಾಗಮ'ದ ಹೆಸರಿನಲ್ಲಿ ದೇವಸ್ಥಾನದ ಜಗಲಿ, ಮರದ ನೆರಳಿಗೆ ಹೋಗಿ ಪಾಠ ಹೇಳಿದರು. ಮರುವರ್ಷ ಜೂನ್‌ನಲ್ಲಿ ಕೆ.ಆರ್. ಪೇಟೆ ತಾಲ್ಲೂಕು ಬೂಕನಕೆರೆಯಲ್ಲಿ ಹುಟ್ಟಿದ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡುವ ಯೋಜನೆಗೆ ಚಾಲನೆ ಕೊಟ್ಟರು. ಹೈಸ್ಕೂಲಿನ ಮಕ್ಕಳು ಆ ಪಟ್ಟಿಯ ಹೊರಗುಳಿದರು.

ನನ್ನ ಭರವಸೆ ಬೇರೊಂದು ಕಡೆ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಗೆ ಬಂದವು. ಮುಂದೆ ಅವು 'ಅರಿವು ಕೇಂದ್ರ' ಎನಿಸಿಕೊಂಡವು, ಅನೇಕ ಕಡೆ ಅವುಗಳಲ್ಲಿ ಕಂಪ್ಯೂಟರ್‌ಗಳು ಕೂತಿವೆ. ಅಲ್ಲಿ ಬಾಗಿಲು ತೆರೆಯಲು ಒಬ್ಬ ಮೇಲ್ವಿಚಾರಕರಿದ್ದಾರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ವಸೂಲಾಗುವ ಗ್ರಂಥಾಲಯ ಕರಕ್ಕೆ ಗುತ್ತಿಗೆಯಂತೆ ಐದು ವರ್ಷದ ಗಡುವಿಲ್ಲ. ನಾಲ್ಕೂ ತಾಲ್ಲೂಕುಗಳ ಪಂಚಾಯಿತಿಗಳು ಆ ಹಣದಲ್ಲಿ ಬ್ಯಾಟರಿಗೂ ರಿಪೇರಿಗೂ ಒಂದು ಪಾಲನ್ನು ಪ್ರತಿ ವರ್ಷದ ಆಯವ್ಯಯದಲ್ಲೇ ತೆಗೆದಿಡಬೇಕು.