ತೂಗುವ ಸರಪಳಿಯ ರೇಖೆ

ಮಬ್ಬುಬೆಳಕಿನಲ್ಲಿ ಬಿದ್ದ ಹಗ್ಗವನ್ನು ಹಾವೆಂದು ಭ್ರಮಿಸುವುದು ವೇದಾಂತಿಗಳ ಪ್ರಸಿದ್ಧ ದೃಷ್ಟಾಂತವು. ಆದರೆ ಹಾಡುಹಗಲಿನಲ್ಲಿ ಕಣ್ಣೆದುರಿಗೆ ತೂಗುವ ಹಗ್ಗದ ವಿಷಯದಲ್ಲಿಯೂ ಬಲ್ಲವರು ಭ್ರಮೆಗೊಳಗಾದ ಇತಿಹಾಸವುಂಟು. ಅದನ್ನು ವಾಚಕರಲ್ಲಿ ನಿವೇದಿಸುವುದೇ ಈ ಲೇಖನದ ಉದ್ದೇಶವು.

ಎಸೆದ ಕಲ್ಲು ಏರಿ ಇಳಿಯುವ ಹಾದಿಗೆ ಪರವಲಯವೆಂದು ಹೆಸರು. ಎರಡು ತುದಿಗಳನ್ನು ಕಟ್ಟಿ ಇಳಿಬಿಟ್ಟ ಸರಪಳಿಯು ತಲೆಕೆಳಗಾದ ಪರವಲಯದಂತೆಯೇ ತೋರುತ್ತದೆ. ಇಟಲಿಯ ಗೆಲಿಲಿಯೋ ಇ.ಸ. 1638ರ ತನ್ನ ಗ್ರಂಥದಲ್ಲಿ ಇವೆರಡರ ಸಾಮ್ಯವನ್ನು ಹೇಳಿದನು. ಸಾಮ್ಯವನ್ನೇ ಐಕ್ಯವೆಂದು ತಿಳಿದವರು ಬಹಳ. ಅವರಲ್ಲಿ ನಾನೂ ಒಬ್ಬನು. ಶಾಲೆಯಲ್ಲಿ ಅನೇಕ ವರ್ಷ ಹಾಗೆಯೇ ಕಲಿಸಿದೆನು. ಒಂದು ದಿನ ಒಬ್ಬ ವಿದ್ಯಾರ್ಥಿಯು, “ಗುರುಗಳ, ಅಳದು ನೋಡೀರೇನ್ರಿ?” ಎಂದು ಕೇಳಲು ನಿರುತ್ತರನಾದೆನು.

ಆ ಸಂಜೆ ಗೋಡೆಗೆ 200 ಸೆಂಟಿಮೀಟರು ಅಂತರದಲ್ಲಿ ಎರಡು ಮೊಳೆ ಹೊಡೆದು, ನಡುವೆ 54 ಸೆಂಟಿಮೀಟರು ಇಳಿಯುವಂತೆ ಸಣ್ಣ ಸರಪಳಿಯನ್ನು ಕಟ್ಟಿದೆವು. ನಡುವಿನಿಂದ 50 ಸೆಂಟಿಮೀಟರು ಆಚೆಗೆ, ಪರವಲಯವಾಗಿದ್ದರೆ ಅದು ತಳಬಿಂದುವಿಗಿಂತ 13.5 ಸೆಂಟಿಮೀಟರು ಮೇಲಿರಬೇಕು, ಸರಪಳಿಯು 12.7ರಷ್ಟೇ ಇತ್ತು. ಎಂಟು ಮಿಲಿಮೀಟರಿನ ಆ ಅಂತರದಲ್ಲಿ ನನ್ನ ಬಹುವರ್ಷಗಳ ಪಾಠವು ಬಿದ್ದುಹೋಯಿತು.

ಈ ಭೇದವನ್ನು ಹಾಲೆಂಡಿನ ಹಾಯ್ಗನ್ಸನು ಇ.ಸ. 1646ರಲ್ಲಿ, ತನ್ನ 17ನೆಯ ವಯಸ್ಸಿನಲ್ಲಿಯೇ ಸಿದ್ಧಪಡಿಸಿದ್ದನು. ಹಾಗಾದರೆ ನಿಜವಾದ ರೇಖೆ ಯಾವುದು? 1690ರಲ್ಲಿ ಯಾಕೋಬ್ ಬರ್ನೂಲಿಯು ಈ ಪ್ರಶ್ನೆಯನ್ನು ಪಂಡಿತರ ಮುಂದಿಟ್ಟನು. ಮರುವರ್ಷ ಲೈಬ್ನಿಟ್ಸ್, ಹಾಯ್ಗನ್ಸ್ ಮತ್ತು ಪ್ರಶ್ನೆ ಕೇಳಿದವನ ತಮ್ಮನಾದ ಯೋಹಾನ್ ಬರ್ನೂಲಿ ಉತ್ತರ ಕೊಟ್ಟರು. ಲ್ಯಾಟಿನಿನಲ್ಲಿ ಸರಪಳಿಗೆ ಕೇಟೆನಾ ಎನ್ನುವುದರಿಂದ ಆ ರೇಖೆಗೆ ಕೇಟನರಿ ಎಂಬ ಹೆಸರಾಯಿತು. ಇದನ್ನೇ ತಲೆಕೆಳಗು ಮಾಡಿದರೆ ತನ್ನ ಭಾರವನ್ನು ತಾನೇ ಹೊರುವ ಕಮಾನಾಗುವುದೆಂಬ ಸೂತ್ರವನ್ನು ಇಂಗ್ಲಂಡದ ಹೂಕನು 1675ರಲ್ಲಿ ಅಕ್ಷರಗಳನ್ನು ಕದಡಿ, ಗುಟ್ಟಾಗಿ ಪ್ರಕಟಿಸಿದ್ದನು.

ಭೇದಕ್ಕೆ ಕಾರಣವು ಭಾರದ ಹಂಚಿಕೆಯಲ್ಲಿದೆ. ಸರಪಳಿಯ ತೂಕವು ಅದರ ಉದ್ದಕ್ಕೂ ಸಮನಾಗಿದೆ. ಆದುದರಿಂದ ಕಡಿದಾಗಿ ಏರುವ ತುದಿಗಳಲ್ಲಿ, ನೆಲದ ಅಳತೆಗೆ ಹೋಲಿಸಿದರೆ, ಹೆಚ್ಚು ತೂಕ ಬೀಳುತ್ತದೆ. ಭಾರವು ನೆಲದ ಅಳತೆಗೆ ಸಮನಾಗಿ ಹಂಚಿದ್ದರೆ ಮಾತ್ರ ಪರವಲಯವಾಗುವುದೆಂದೂ ಹಾಯ್ಗನ್ಸನು ತೋರಿಸಿದನು.

ಇದಕ್ಕೆ ನಿದರ್ಶನವು ನಮ್ಮ ನೆರೆಯ ಗೋಕಾಕದಲ್ಲಿಯೇ ಉಂಟು. ಘಟಪ್ರಭೆಯು 52 ಮೀಟರು ಧುಮುಕುವಲ್ಲಿ ಸುಮಾರು 200 ಮೀಟರಿನ ತೂಗುಸೇತುವೆಯಿದೆ. ಅದರ ಹಗ್ಗಗಳು ತಮ್ಮ ತೂಕಕ್ಕಿಂತ ಮುಖ್ಯವಾಗಿ ಕೆಳಗಿನ ಕಾಲುದಾರಿಯ ಭಾರವನ್ನು ಹೊರಬೇಕು. ಆದ್ದರಿಂದ ಅಂಥ ಸೇತುವೆಯ ಹಗ್ಗದ ರೇಖೆಯು ಪರವಲಯಕ್ಕೇ ಹತ್ತಿರವು. ಗೆಲಿಲಿಯೋನ ಮಾತು ಬರಿಯ ಸರಪಳಿಗೆ ಸಲ್ಲದಿದ್ದರೂ ಸೇತುವೆಗೆ ಸಲ್ಲುತ್ತದೆ!

ಇನ್ನು ಉಗಾರ, ಕುಡಚಿ, ರಾಯಬಾಗಗಳ ಮೇಲೆ ಹಾಯುವ ರೈಲುಮಾರ್ಗವನ್ನು ನೋಡಿರಿ. ಹಳಿಯ ಮೇಲೆ ಎರಡು ತಂತಿಗಳಿವೆ. ಮೇಲಿನದು ಕಂಬದಿಂದ ಕಂಬಕ್ಕೆ ಇಳಿಬಿದ್ದಿದೆ. ಅದರಿಂದ ಗಿಡ್ಡ ಉದ್ದ ತುಂಡುತಂತಿಗಳು ತೂಗಿ ಕೆಳಗಿನ ತಂತಿಯನ್ನು ಮಟ್ಟವಾಗಿ ಹಿಡಿದಿವೆ. ಕೆಳತಂತಿಯು ಮಟ್ಟವಾಗಿಲ್ಲದಿದ್ದರೆ ಓಡುವ ಎಂಜಿನ್ನಿಗೂ 25,000 ವೋಲ್ಟಿನ ವಿದ್ಯುತ್ತಿಗೂ ಸ್ಪರ್ಶ ತಪ್ಪೀತು. ಆ ಮೇಲ್ತಂತಿಗೆ ಎಂಜಿನಿಯರರು ಕೇಟನರಿ ಎಂದೇ ಹೆಸರಿಟ್ಟಿದ್ದಾರೆ. ಇಳಿತವು ಅತ್ಯಲ್ಪವಾದುದರಿಂದ ಅಲ್ಲಿ ಎರಡು ರೇಖೆಗಳ ಭೇದವು ಕಣ್ಣಿಗೆ ಕಾಣದು.

ಕಣ್ಣಿಗೆ ಕಾಣದ್ದನ್ನು ಅಳತೆಯು ಕಾಣಿಸುತ್ತದೆ. ವಾಚಕರು ತಮ್ಮ ಮಕ್ಕಳ ಕೈಗೊಂದು ಸರಪಳಿಯನ್ನೂ ಅಳತೆಪಟ್ಟಿಯನ್ನೂ ಕೊಟ್ಟು ನೋಡಲಿ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದಿದ್ದಾದರೆ, ಅಂದಿನ ಪಾಠವನ್ನು ತಿದ್ದಿಕೊಳ್ಳಬೇಕಾಗಿ ಅವರಲ್ಲಿ ನನ್ನ ವಿನಂತಿ.