ಗೊರಸೂ ನೆಲವೂ

ಅಶ್ವಬಲವನ್ನು ಕುರಿತು ಬರೆಯುವ ಚರಿತ್ರಕಾರರು ಕುದುರೆಗಳ ಸಂಖ್ಯೆಯನ್ನೂ ರಾವುತರ ಶೌರ್ಯವನ್ನೂ ಎಣಿಸುವರು. ಕುದುರೆಯ ಗೊರಸನ್ನು ಎಣಿಕೆಗೆ ತರುವವರು ವಿರಳ. ಆದರೆ ಗೊರಸು ಕೆಟ್ಟ ಕುದುರೆಯಿಂದ ರಾವುತನಿಗೂ ಪ್ರಯೋಜನವಿಲ್ಲ, ರಾಜನಿಗೂ ಪ್ರಯೋಜನವಿಲ್ಲ. ಆ ಗೊರಸಿನ ಕ್ಷೇಮವಾದರೋ, ಕುದುರೆಯು ಓಡುವ ನೆಲಕ್ಕಿಂತ ಹೆಚ್ಚಾಗಿ ಅದು ನಿಲ್ಲುವ ನೆಲವನ್ನು ಅವಲಂಬಿಸಿರುವುದು.

ಕೋಲಾರದ ಸೀಮೆಗೆ ಈ ವಿಷಯವು ಹೊರಗಿನದಲ್ಲ. ಹೈದರಾಲಿಯು ಸುಮಾರು 1720ರಲ್ಲಿ ಜನಿಸಿದುದು ಬೂದಿಕೋಟೆಯಲ್ಲಿ. ಅವನ ತಂದೆ ಫತೆ ಮಹಮ್ಮದನ ಗೋರಿಯು ಕೋಲಾರದಲ್ಲಿಯೇ ಇದೆ. ಹೈದರನ ಏಳಿಗೆಗೆ ಮುಖ್ಯ ಸಾಧನಗಳಲ್ಲೊಂದು ಅವನ ಅಶ್ವಸೈನ್ಯ. ಮೊದಲನೆಯ ಮೈಸೂರು ಯುದ್ಧದಲ್ಲಿ, 1768ನೆಯ ಅಕ್ಟೋಬರ್ 4ರಂದು, ಅವನಿಗೂ ಕರ್ನಲ್ ವುಡ್ಡನ ಇಂಗ್ಲಿಷ್ ದಂಡಿಗೂ ಮುಳಬಾಗಿಲಿನ ಬಳಿ ಕದನವಾಯಿತು. ಅಲ್ಲಿಯದು ಹೆಬ್ಬಂಡೆಗಳು ಚೆಲ್ಲಿದ ನೆಲ. ಕುದುರೆಯ ದಂಡು ಸಾಲುಗಟ್ಟಿ ನುಗ್ಗುವುದಕ್ಕೆ ಅನುಕೂಲವಲ್ಲ. ಮರುವರ್ಷದ ಮಾರ್ಚಿಯಲ್ಲಿ ಘಟ್ಟದ ಕೆಳಗಣ ಸೀಮೆಗಿಳಿದಿದ್ದ ಹೈದರನು, ಫಿರಂಗಿಗಳನ್ನೂ ಸಾಮಾನುಗಳನ್ನೂ ಹಿಂದಕ್ಕೆ ಕಳುಹಿಸಿ, ಸುಮಾರು 6,000 ಕುದುರೆಗಳೊಡನೆ ಮೂರೂವರೆ ದಿನಗಳಲ್ಲಿ 130 ಮೈಲಿಗಳನ್ನು ಕ್ರಮಿಸಿ ಮದರಾಸಿನ ಬಾಗಿಲಿಗೆ ಬಂದು ನಿಂತನು. ಏಪ್ರಿಲಿನಲ್ಲಿ ಇಂಗ್ಲಿಷರು ಅವನೊಡನೆ ಒಡಂಬಡಿಕೆ ಮಾಡಿಕೊಳ್ಳಬೇಕಾಯಿತು. ಒಂದು ರಾಜ್ಯದ ಭಾಗ್ಯವು ಆ ಮೂರೂವರೆ ದಿನ ಇಪ್ಪತ್ತುನಾಲ್ಕು ಸಾವಿರ ಗೊರಸುಗಳ ಮೇಲೆ ನಿಂತಿದ್ದಿತು.

ಇಂತಹ ಗೊರಸು ಲಾಯದಲ್ಲಿಯೇ ಸಿದ್ಧವಾಗಬೇಕೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು. ಕೌಟಿಲ್ಯನು ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣದಲ್ಲಿ, ಕುದುರೆ ನಿಲ್ಲುವೆಡೆಗೆ ನುಣುಪಾದ ಹಲಗೆಗಳನ್ನು ಹಾಸಿ, ಮೂತ್ರವೂ ಲದ್ದಿಯೂ ಹೊರಹೋಗಲು ದಾರಿ ಮಾಡಬೇಕೆಂದು ವಿಧಿಸಿರುವನು. ಕನ್ನಡದಲ್ಲಿಯೂ ಪದ್ಮಣಪಂಡಿತನು 1627ರಲ್ಲಿ ‘ಹಯಸಾರಸಮುಚ್ಚಯ’ವೆಂಬ ಅಶ್ವಶಾಸ್ತ್ರವನ್ನು ರಚಿಸಿದನು. ಇನ್ನು, ಕ್ರಿ. ಪೂ. 4ನೆಯ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೋನನ ಮಾತು ವಿಶೇಷವಾದುದು. ಲಾಳ ಹೊಡೆಯುವ ಪದ್ಧತಿಯಿಲ್ಲದ ಅವನ ನಾಡಿನಲ್ಲಿ ಗೊರಸಿನ ಗಟ್ಟಿತನವೇ ರಾವುತನ ಪ್ರಾಣ. ತೇವವೂ ನುಣುಪೂ ಆದ ನೆಲವು ಹುಟ್ಟಿನಿಂದ ಒಳ್ಳೆಯದಾದ ಗೊರಸನ್ನೂ ಕೆಡಿಸುವುದೆಂದು ಹೇಳಿ, ಲಾಯದ ನೆಲಕ್ಕೆ ಇಳಿಜಾರು ಕೊಟ್ಟು ಗೊರಸಿನ ಗಾತ್ರದ ಕಲ್ಲುಗಳನ್ನು ಒತ್ತಾಗಿ ಹುದುಗಿಸಬೇಕೆಂದನು. ಲಾಯದ ಹೊರಗೆ ನಾಲ್ಕೈದು ಬಂಡಿ ದುಂಡುಗಲ್ಲುಗಳನ್ನು ಹರಡಿ, ಅವು ಚೆದರದಂತೆ ಕಬ್ಬಿಣದ ಅಂಚು ಕಟ್ಟಬೇಕು. ಮೈಯುಜ್ಜುವಾಗಲೂ ನೊಣ ಮುತ್ತಿ ಕಾಲು ಕುಟ್ಟುವಾಗಲೂ ಕುದುರೆಯು ನಿಂತಲ್ಲಿಯೇ ಕಲ್ಲುದಾರಿ ನಡೆದಂತಾಗುವುದೆಂಬುದು ಅವನ ಉಪಾಯ. ಒಬ್ಬನು ಹಲಗೆ ಹಾಸಿದನು, ಇನ್ನೊಬ್ಬನು ಕಲ್ಲು ಹಾಸಿದನು. ನೆಲವು ಒದ್ದೆಯಾಗಿ ಉಳಿಯಬಾರದೆಂಬುದರಲ್ಲಿ ಇಬ್ಬರಿಗೂ ಏಕಾಭಿಪ್ರಾಯ.

ಇದರ ಕಾರಣವನ್ನು ಈಗಿನ ಪಶುವೈದ್ಯವು ವಿವರಿಸುತ್ತದೆ. ಗೊರಸಿನ ಗೋಡೆಯು ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರು ಬೆಳೆಯುವುದು. ಮುಂಭಾಗವು ಪೂರ್ತಿಯಾಗಿ ಹೊಸದಾಗಲು ಸುಮಾರು ಒಂದು ವರ್ಷ ಬೇಕು. ಆದುದರಿಂದ ಇಂದಿನ ನೆಲದ ಗುಣದೋಷಗಳು ಮುಂದಿನ ವರ್ಷದ ಗೊರಸಿನಲ್ಲಿ ಕಾಣುವುವು. ಗೊರಸಿನಡಿಯ ಮೆದುವಾದ ಮುಕ್ಕೋನದ ಭಾಗವು ಹೆಜ್ಜೆಹೆಜ್ಜೆಗೂ ನೆಲಕ್ಕೊತ್ತಿ ಬಲಗೊಳ್ಳಬೇಕು. ಲದ್ದಿಮೂತ್ರಗಳ ಕೆಸರಿನಲ್ಲಿ ಅದೇ ಭಾಗವು ಕೊಳೆತು ನಾರುವುದು.

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಮರಳುಮಿಶ್ರ ಕೆಮ್ಮಣ್ಣು ನೀರನ್ನು ಬೇಗನೆ ಇಂಗಿಸುವುದು. ಅಲ್ಲಿ ಇಳಿಜಾರೊಂದಿದ್ದರೆ ಅರ್ಧ ಕೆಲಸ ಮುಗಿಯಿತು. ಮಾಲೂರಿನ ಹೆಂಚು ಇಟ್ಟಿಗೆಗಳಿಗೆ ಹೆಸರು ತಂದ ಜೇಡಿಮಣ್ಣು ನೀರನ್ನು ಹಿಡಿದಿಡುವುದು. ಹೆಂಚಿಗೆ ಗುಣವಾದುದು ಗೊರಸಿಗೆ ದೋಷ. ಅಂತಹ ಕಡೆ ಮೇಲ್ಮಣ್ಣನ್ನು ತೆಗೆದು, ತಳಕ್ಕೆ ಕಲ್ಲು ತುಂಬಿ, ಮೇಲೆ ಬಟಾಣಿಕಾಳಿನ ಗಾತ್ರದ ದುಂಡುಗಲ್ಲನ್ನು ಹರಡುವುದು ಲೇಸು. ಕಲ್ಲುಗಣಿಯ ಜಲ್ಲಿಯು ಸುಲಭವಾಗಿ ದೊರೆಯುವುದಾದರೂ ಅದರ ಚೂಪು ಅಂಚು ಅಂಗಾಲನ್ನು ನೋಯಿಸುವುದು. ಮೆತ್ತನೆಯ ನೆಲದಲ್ಲಿ ಬೆಳೆದ ಕುದುರೆಯನ್ನು ದಿನಕ್ಕೆ ಸ್ವಲ್ಪ ಹೊತ್ತಿನಂತೆ ಮಾತ್ರ ಕಲ್ಲಿಗೆ ಅಭ್ಯಾಸಮಾಡಿಸಬೇಕು.

ದಂಡಿನ ಕುದುರೆಗಳ ಕಾಲ ಮುಗಿಯಿತು. ಈಗ ಉಳಿದಿರುವುವು ಮೆರವಣಿಗೆಯವೂ ವಿನೋದದ ಸವಾರಿಯವೂ. ಸಿಮೆಂಟಿನ ಮೇಲೆ ತೇವದಲ್ಲಿ ನಿಂತ ಮೂಕಪ್ರಾಣಿಯು ಕುಂಟತೊಡಗಿದ ಮೇಲೆ ಲಾಳ ಕಟ್ಟುವವನನ್ನು ಕರೆಯುವುದು ತಡವಾದ ಚಿಕಿತ್ಸೆ. ಅದಕ್ಕೆ ಮೊದಲೇ ಬೇಕಾದುದು ಒಂದು ಇಳಿಜಾರು, ನಾಲ್ಕೈದು ಬಂಡಿ ದುಂಡುಗಲ್ಲು, ದಿನದಿನವೂ ಲದ್ದಿ ತೆಗೆಯುವ ಕೈ. ಇಷ್ಟನ್ನು ಒದಗಿಸಲಾರದವನು ಕುದುರೆಯನ್ನು ಕಟ್ಟದಿರುವುದೇ ಧರ್ಮ.